ಬುಧವಾರದ ಕೊನೆಯ ಪೀರಿಯಡ್

ಹನ್ನೊಂದು ವರ್ಷಗಳಿಂದ ನಮ್ಮ ಶಾಲೆಯಲ್ಲಿ ಯಾವ ದೇಶಕ್ಕೂ ಸ್ವಾತಂತ್ರ್ಯ ಸಿಕ್ಕಿರಲಿಲ್ಲ. ಎರಡನೆಯ ಮಹಾಯುದ್ಧ ಮಾತ್ರ ಪ್ರತಿವರ್ಷ ತಪ್ಪದೆ ಮುಗಿಯುತ್ತಿತ್ತು. ನಾನೇ ಮುಂದೆ ನಿಂತು ಮುಗಿಸುತ್ತಿದ್ದೆ. ಅದಾದ ಮೇಲೆ ಹತ್ತನೇ ತರಗತಿಯ ಪುಸ್ತಕದಲ್ಲಿ ಇನ್ನೂ ಮೂರು ಪಾಠಗಳಿವೆ. ಸಾಮ್ರಾಜ್ಯಗಳು ಕಳಚಿ ಬೀಳುವುದು, ಹೊಸ ದೇಶಗಳು ಹುಟ್ಟುವುದು, ಎರಡು ದೊಡ್ಡ ದೇಶಗಳು ತಮ್ಮ ಬಟ್ಟೆ ಕೊಳೆ ಮಾಡಿಕೊಳ್ಳದೆ ಸಣ್ಣ ದೇಶಗಳ ಅಂಗಳದಲ್ಲಿ ಜಗಳವಾಡುವುದು, ಎಲ್ಲ ಅಲ್ಲೇ ಇದೆ. ಆದರೆ ನಾನು ಆ ಪುಟ ತಿರುಗಿಸುವ ಹೊತ್ತಿಗೆ ಸರಿಯಾಗಿ ತರಗತಿಯ ಬಾಗಿಲಲ್ಲಿ ನಮ್ಮ ಭಾವ ನಿಂತಿರುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ, ಅದೇ ಶಾಲೆಯ ಗಣಿತದ ಮೇಷ್ಟ್ರು. ಶಾಲೆಯೊಳಗೆ ನಾನು ಅವರಿಗೆ ಸರ್ ಅನ್ನುತ್ತೇನೆ, ಅವರು ನನಗೆ ಮೇಡಂ ಅನ್ನುತ್ತಾರೆ. ಪೀರಿಯಡ್ ಬೇಕಾದಾಗ ಮಾತ್ರ ನಾನು ಅವರ ಬಾಯಲ್ಲಿ 'ಏನಮ್ಮಾ' ಆಗಿಬಿಡುತ್ತೇನೆ.

"ಏನಮ್ಮಾ, ಇದೊಂದು ವಾರ ನಿನ್ನ ಮೂರು ಪೀರಿಯಡ್ ಕೊಟ್ಟಿರು. ತ್ರಿಕೋನಮಿತಿ ಹಾಗೇ ಉಳಿದುಬಿಟ್ಟಿದೆ. ನಿಂದೇನು, ಕಥೆ ತಾನೇ? ಮಕ್ಕಳು ಮನೇಲೇ ಓದ್ಕೋತಾರೆ."

'ಕಥೆ ತಾನೇ' ಅಂದಾಗ ನನಗೆ ಮೈಯೆಲ್ಲ ಉರಿಯುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಇಡೀ ಶಾಲೆಗೆ ಗೊತ್ತು. ಆದರೆ ಭಾವನ ಎದುರು ಮಾತ್ರ ಆ ಕೋಪ ಎಲ್ಲಿ ಅಡಗುತ್ತದೋ ಕಾಣೆ. ನನ್ನ ಕಾಲೇಜಿನ ಫಾರಂ ತುಂಬಿಸಿದವರು ಅವರು, ಈ ಕೆಲಸಕ್ಕೆ ಅರ್ಜಿ ಹಾಕಿಸಿದವರೂ ಅವರೇ. ಹಾಗಾಗಿ ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ಆ 'ಒಂದು ವಾರ' ಶುರುವಾದರೆ ಬೇಸಗೆ ರಜೆಯವರೆಗೂ ಮುಗಿಯುತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ವಿನಿಮಯ ಪುಸ್ತಕ ಅಂತ ಒಂದಿದೆ. ಯಾರ ಪೀರಿಯಡನ್ನು ಯಾರು ತೆಗೆದುಕೊಂಡರು ಅಂತ ಅದರಲ್ಲಿ ಬರೆಯಬೇಕು. ಬಿಟ್ಟುಕೊಟ್ಟವರು ಕೊನೆಯಲ್ಲಿ 'ನನ್ನ ಪೂರ್ಣ ಒಪ್ಪಿಗೆಯಿಂದ' ಅಂತ ಬರೆದು ಸಹಿ ಹಾಕಬೇಕು. ಭಾವ ಅದನ್ನು ನಾನು ಟೀ ಕುಡಿಯುವಾಗಲೇ ತರುತ್ತಿದ್ದರು. ಒಪ್ಪಿಗೆಯ ಸಾಲನ್ನೂ ತಮ್ಮ ಮುದ್ದಾದ ಅಕ್ಷರದಲ್ಲಿ ತಾವೇ ಬರೆದಿರುತ್ತಿದ್ದರು. ನನ್ನ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಅವರು ಮುಚ್ಚಳ ತೆಗೆದು ಕೊಟ್ಟ ಪೆನ್ನು. ಓದಿ ಸಹಿ ಹಾಕುವಷ್ಟು ಪುರುಸೊತ್ತು ಯಾರಿಗಿದೆ?

ಈ ವರ್ಷ ಒಂದು ಸೋಮವಾರ ಹೆಡ್ ಮೇಡಂ ನನ್ನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅದೇ ವಿನಿಮಯ ಪುಸ್ತಕ ಬಿಚ್ಚಿಕೊಂಡು ಕೂತಿತ್ತು.

"ಹತ್ತನೇ ಕ್ಲಾಸಲ್ಲಿ ಇತಿಹಾಸಕ್ಕೆ ವಾರಕ್ಕೆ ಐದು ಪೀರಿಯಡ್. ನೀವು ತಗೊಳ್ತಿರೋದು ಎರಡು. ಮೂರು ನಿಮಗೆ ಬೇಡ ಅಂತಾಯ್ತಲ್ಲ. ಮುಂದಿನ ವರ್ಷ ಅವನ್ನ ಗಣಿತಕ್ಕೇ ಬರೆದುಬಿಡ್ತೀನಿ."

"ಬೇಡ ಅಂತ ನಾನು ಯಾವಾಗ ಹೇಳಿದೆ ಮೇಡಂ?"

ಅವರು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಒಂದರ ಕೆಳಗೊಂದು ನನ್ನದೇ ಸಹಿ.

"ಪಾಠ ನಿಲ್ಲೋಕೆ ಇನ್ನೂ ಐದು ವಾರ ಇದೆ," ಅಂದರು ಹೆಡ್ ಮೇಡಂ. "ಕೊನೇ ಶುಕ್ರವಾರ ನಾನೇ ಕ್ಲಾಸಿಗೆ ಬರ್ತೀನಿ. ಅಷ್ಟರಲ್ಲಿ ಪುಸ್ತಕ ಮುಗಿದಿದ್ರೆ ಐದೂ ನಿಮ್ಮದು. ಇಲ್ಲಾಂದ್ರೆ ಎರಡೇ. ಉಳಿದ ಹೊತ್ತಿಗೆ ಊರಾಚೆ ನಮ್ಮ ಇನ್ನೊಂದು ಸ್ಕೂಲಿದೆಯಲ್ಲ, ಅಲ್ಲಿಗೆ ಹೋಗಬೇಕಾಗುತ್ತೆ."

ನನಗೆ ಭಯವಾಯಿತು. ಬಸ್ಸು ಹಿಡಿದು ಊರಾಚೆ ಹೋಗುವುದಕ್ಕಲ್ಲ. ನಾನು ಇತಿಹಾಸ ಓದಿದ್ದೇ ಆ ಮೂರು ಪಾಠಗಳ ಮೇಲಿನ ಆಸೆಗೆ. ಇಷ್ಟು ವರ್ಷ ರಾಜರನ್ನೂ ಯುದ್ಧಗಳನ್ನೂ ಪಾಠ ಮಾಡಿ, ಜನ ಎದ್ದು ನಿಲ್ಲುವ ಪುಟ ಬಂದ ಕೂಡಲೇ ಪುಸ್ತಕ ಮುಚ್ಚಿಕೊಂಡು ಹೊರಗೆ ಬಂದವಳು ನಾನು. ಈಗ ಆ ಪುಟಗಳು ಶಾಶ್ವತವಾಗಿ ಹೋಗುವುದರಲ್ಲಿದ್ದವು.

ಬುಧವಾರದ ಕೊನೆಯ ಪೀರಿಯಡ್‌ನಲ್ಲಿ ಪಾಠ ಶುರು ಮಾಡಿಯೇಬಿಟ್ಟೆ. ಟೈಂ ಟೇಬಲ್ಲಿನಲ್ಲಿ ಅದು ಚಿತ್ರಕಲೆಯ ಪೀರಿಯಡ್. ಆರು ವರ್ಷದಿಂದ ನಾನೇ ತೆಗೆದುಕೊಳ್ಳುತ್ತಿದ್ದೇನೆ. ಆ ವಿಷಯ ಈಗ ಬೇಡ, ತಾನಾಗಿ ಬರುತ್ತದೆ. ಪರದೇಶದ ಕಂಪನಿಯವರು ಕಾಗದ ಹಿಡಿದುಕೊಂಡು ಊರಿನ ಮುಖಂಡರ ಬಳಿ ಹೋಗುತ್ತಿದ್ದದ್ದನ್ನು ಹೇಳಿದೆ. ತನಗೆ ಓದಲು ಬಾರದ ಭಾಷೆಯ ಕೆಳಗೆ ಮುಖಂಡ ಒಂದು ಗುರುತು ಹಾಕುತ್ತಿದ್ದ. ಸ್ನೇಹಕ್ಕೆ ಒಪ್ಪಿದೆ ಅಂತ ಅವನು ಅಂದುಕೊಂಡಿದ್ದರೆ, ಕಾಗದದಲ್ಲಿ ಕಾಲ ಕೆಳಗಿನ ನೆಲವೇ ಹೋಗಿರುತ್ತಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಹುಮ್ಮಸ್ಸಿನಲ್ಲಿ ನಾನೊಂದು ಮನೆಗೆಲಸ ಕೊಟ್ಟೆ: ಒಬ್ಬರಿಗೆ ಸೇರಿದ ಜಾಗವನ್ನು ಇನ್ನೊಬ್ಬರು ಆಳುತ್ತಿರುವುದನ್ನು ನಿಮ್ಮ ಸುತ್ತಮುತ್ತ ಹುಡುಕಿ, ಸಾಕ್ಷಿ ಸಮೇತ ತನ್ನಿ.

ಇಂಥ ಮನೆಗೆಲಸ ಕೊಡುವ ಮೊದಲು ತಾನು ಎಲ್ಲಿ ನಿಂತಿದ್ದೇನೆ ಅಂತ ಟೀಚರ್ ಆದವಳು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ.

ಗುರುವಾರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: 'ಅವರ ಒಳ್ಳೆಯದಕ್ಕಾಗಿಯೇ ನಾವು ಇಲ್ಲಿದ್ದೇವೆ.' ಆಳುವವರೆಲ್ಲ ಹೇಳಿದ್ದು ಇದೇ ಮಾತು ಅಂತ ವಿವರಿಸಿ, ಮನೆಗೆಲಸ ಕೇಳಿದೆ. ಒಬ್ಬನ ಬೀರುವಿನ ಮೂರು ಖಾನೆಗಳಲ್ಲಿ ಎರಡೂವರೆಯನ್ನು ಅವನ ಅಣ್ಣ ಆಕ್ರಮಿಸಿಕೊಂಡಿದ್ದ. ಒಬ್ಬಳ ಮನೆಯಲ್ಲಿ ಟಿವಿ ರಿಮೋಟು ಅಜ್ಜಿಯ ದಿಂಬಿನ ಕೆಳಗಿತ್ತು. ಕೇಳಿದರೆ 'ನಿಮ್ಮ ಕಣ್ಣು ಹಾಳಾಗಬಾರದಲ್ಲ' ಅಂತ ಉತ್ತರ. ತರಗತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು, ನಾನೂ ನಕ್ಕೆ.

ಆಮೇಲೆ ಲಾಯರ್ ಎದ್ದು ನಿಂತಳು. ಎರಡನೇ ಬೆಂಚಿನ ಆ ಹುಡುಗಿಗೆ ಇಟ್ಟ ಹೆಸರು ಏನೇ ಇರಲಿ, ಇಡೀ ಶಾಲೆ ಕರೆಯುವುದು ಲಾಯರ್ ಅಂತಲೇ. ವಾದ ಮಾಡದೆ ಹಾಜರಿಯನ್ನೂ ಹೇಳುವವಳಲ್ಲ.

"ಟೀಚರ್, ವಿನಿಮಯ ಪುಸ್ತಕ ನೋಡಿದೆ. ಅರ್ಧವಾರ್ಷಿಕ ಆದಮೇಲೆ ಇತಿಹಾಸದ ನಲವತ್ತೊಂದು ಪೀರಿಯಡ್ ಗಣಿತಕ್ಕೆ ಹೋಗಿದೆ. ನಲವತ್ತೊಂದರ ಕೆಳಗೂ ನಿಮ್ಮ ಸಹಿ ಇದೆ. ಒಪ್ಪಿಗೆಯ ಸಾಲು ಮಾತ್ರ ಬೇರೆಯವರ ಅಕ್ಷರದಲ್ಲಿದೆ. ನೀವು ಓದಿ ಸಹಿ ಹಾಕಿದ್ರಾ ಟೀಚರ್?"

ನಗು ನಿಂತಿತು. ಸ್ಟಾಫ್ ರೂಮಿಗೆ ಯಾರನ್ನು ಕೇಳಿ ಹೋದೆ ಅಂತ ಗದರಿಸಲು ಬಾಯಿ ತೆರೆದೆ. ಆದರೆ ಸಾಕ್ಷಿ ತರಲು ಹೇಳಿದವಳು ನಾನೇ. "ಇಲ್ಲಮ್ಮ, ಟೀ ಕುಡೀತಿದ್ದೆ," ಅಂದೆ. ಮಕ್ಕಳು ಮತ್ತೆ ನಕ್ಕರು, ಈ ಸಲ ನನ್ನ ಪರವಾಗಿ. ನನಗೆ ಹೊಸ ಧೈರ್ಯ ಬಂದಂತಾಯಿತು.

ಆ ಧೈರ್ಯ ಎರಡು ನಿಮಿಷ ಬಾಳಿತು. ಕಿಟಕಿ ಪಕ್ಕದಿಂದ ಗೀಚಮ್ಮ ಎದ್ದಳು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ಗೀಚುವ ಹುಡುಗಿಗೆ ಗೆಳತಿಯರು ಕೊಟ್ಟ ಬಿರುದು ಅದು. ಹೆಚ್ಚು ಮಾತಾಡುವವಳಲ್ಲ. ಟೈಂ ಟೇಬಲ್ಲನ್ನು ಹಾಳೆಯಲ್ಲಿ ಬಿಡಿಸಿ, ಬುಧವಾರದ ಕೊನೆಯ ಮನೆಗೆ ಕೆಂಪು ಬಣ್ಣ ತುಂಬಿದ್ದಳು.

"ಇದು ಡ್ರಾಯಿಂಗ್ ಸರ್‌ದು, ಟೀಚರ್. ಇದು ವಿನಿಮಯ ಪುಸ್ತಕದಲ್ಲೂ ಇಲ್ಲ."

"ಅದು ಬೇರೆ ವಿಷಯ," ಅಂದೆ. "ಚಿತ್ರಕಲೆಗೆ ಪರೀಕ್ಷೆ ಇಲ್ಲ. ನಾನು ಆ ಪೀರಿಯಡ್ ತಗೊಂಡಿರೋದು ನಿಮ್ಮ ಒಳ್ಳೆಯದಕ್ಕೇ."

ಯಾರೂ ನಗಲಿಲ್ಲ. ನಲವತ್ತು ಜೊತೆ ಕಣ್ಣುಗಳು ನನ್ನ ತಲೆಯ ಮೇಲಿನಿಂದ ಬೋರ್ಡನ್ನು ನೋಡುತ್ತಿದ್ದವು. ನಾನು ತಿರುಗಿ ನೋಡುವ ಅಗತ್ಯವಿರಲಿಲ್ಲ, ಬರೆದವಳು ನಾನೇ. ಭಾವನಾದರೂ ಒಂದು ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾನು ಅದನ್ನೂ ಮಾಡಿರಲಿಲ್ಲ.

ಭಾನುವಾರ ಊಟಕ್ಕೆ ಅಕ್ಕನ ಮನೆಗೆ ಹೋದೆ. ಭಾವ ಕೈ ತೊಳೆದು ಬಂದು ಕೂರುವುದನ್ನೇ ಕಾದು, "ನಾಳೆಯಿಂದ ನನ್ನ ಪೀರಿಯಡ್ ನನಗೆ ಬೇಕು ಭಾವ," ಅಂದೆ.

"ಕೊಡೋಣಂತೆ," ಅಂದರು ಭಾವ, ತಟ್ಟೆ ಎಳೆದುಕೊಳ್ಳುತ್ತ. "ಮುಂದಿನ ವಾರ ಒಂದು, ಅದರ ಮುಂದಿನ ವಾರ ಇನ್ನೊಂದು. ಒಂದೇ ಸಲ ಬಿಟ್ರೆ ಹೇಗೆ? ಮಕ್ಕಳು ಇನ್ನೂ ತಯಾರಾಗಿಲ್ಲ."

"ಹಂತ ಹಂತವಾಗಿ ಬಿಡ್ತೀವಿ, ಅವರಿನ್ನೂ ತಯಾರಾಗಿಲ್ಲ. ಎಲ್ಲ ದೊರೆಗಳೂ ಹೀಗೇ ಅಂದಿದ್ದು ಭಾವ. ಪುಸ್ತಕ ಬೇಕಾದ್ರೆ ತೋರಿಸ್ತೀನಿ."

"ನಾನು ದೊರೆನಾ?" ಭಾವ ನೋವಿನಿಂದ ಅಕ್ಕನ ಕಡೆ ನೋಡಿದರು.

ಅಕ್ಕ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟಳು. "ದೊರೆಯಲ್ಲದೆ ಮತ್ತೇನು? ಮುಂದಿನ ಕೋಣೇಲಿ ನಾಲ್ಕು ದಿನ ಟ್ಯೂಷನ್ ಬೆಂಚು ಇಟ್ಕೋತೀನಿ ಅಂದ್ರಿ. ಹದಿನೆಂಟು ವರ್ಷ ಆಯ್ತು. ಬಂದವರನ್ನ ನಾನು ಅಡುಗೆಮನೇಲಿ ಕೂರಿಸ್ತಿದ್ದೀನಿ."

ಎರಡು ಕಡೆಯಿಂದ ದಾಳಿಯಾದಾಗ ದೊಡ್ಡ ದೊಡ್ಡ ಸಾಮ್ರಾಜ್ಯಗಳೇ ತಡೆದುಕೊಂಡಿಲ್ಲ. ಭಾವ ತಟ್ಟೆಯ ಅನ್ನ ಕಲಸಿ ಮುಗಿಸಿದರು. ಆಮೇಲೆ ತಲೆಯೆತ್ತಿ, "ಆಯ್ತು, ಬಿಡ್ತೀನಿ. ಬೆಳಿಗ್ಗೆ ಬೆಲ್ಲಿಗೆ ಮೊದಲು ಅರ್ಧ ಗಂಟೆ ನಾನು ಕ್ಲಾಸ್ ಮಾಡ್ಕೋತೀನಿ. ಆದ್ರೆ ಏನಮ್ಮಾ, ಡ್ರಾಯಿಂಗ್ ಮೇಷ್ಟ್ರ ಬುಧವಾರ ನೀನು ಯಾವಾಗ ಬಿಡ್ತೀಯ?" ಅಂದರು.

ಭಾವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದವಳು ನಾನೊಬ್ಬಳೇ. ಮನಸ್ಸಿನಲ್ಲೇ ಗುಣಿಸಿದೆ: ಉಳಿದದ್ದು ನಾಲ್ಕು ವಾರ, ಇಪ್ಪತ್ತು ಪೀರಿಯಡ್. ಮೂರು ಪಾಠಕ್ಕೆ ಬೇಕಾದದ್ದೂ ಸರಿಯಾಗಿ ಅಷ್ಟೇ. ಬುಧವಾರಗಳೂ ಇದ್ದಿದ್ದರೆ ಉಸಿರಾಡಲು ಜಾಗವಿರುತ್ತಿತ್ತು. "ನಾಳೆನೇ ಬಿಡ್ತೀನಿ," ಅಂದೆ.

ಸೋಮವಾರ ಮೂರನೇ ಪೀರಿಯಡ್‌ಗೆ ನಾನು ಹೋದಾಗ ಭಾವ ತರಗತಿಯಿಂದ ತಮ್ಮ ಸಾಮಾನು ಎತ್ತಿಕೊಳ್ಳುತ್ತಿದ್ದರು. ಮರದ ದೊಡ್ಡ ಕೈವಾರ, ಕೋನಮಾಪಕ, ಬಣ್ಣದ ಸೀಮೆಸುಣ್ಣದ ಡಬ್ಬಿ, ಕುರ್ಚಿಯ ಮೇಲಿನ ದಿಂಬು, ಕೊನೆಗೆ ಇದ್ದ ಒಂದೇ ಡಸ್ಟರ್. ಅವರು ಬಾಗಿಲ ಬಳಿ ಹೋಗುವಷ್ಟರಲ್ಲಿ ನಾನು ಪಾಠ ಶುರು ಮಾಡಿದೆ.

"ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಆಫ್ರಿಕಾದ ಗಿನಿ ಅನ್ನೋ ದೇಶ, ನಮಗೆ ನಿಮ್ಮ ಆಳ್ವಿಕೆ ಬೇಡ ಅಂತ ಮತ ಹಾಕಿ ಫ್ರಾನ್ಸಿಗೆ ಹೇಳಿತು. ಫ್ರಾನ್ಸಿಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಬಿಟ್ಟು ಹೋಗುವಾಗ ಅಧಿಕಾರಿಗಳು ಕಚೇರಿಗಳ ಟೆಲಿಫೋನುಗಳನ್ನೂ ಕಿತ್ಕೊಂಡು ಹೋದರು."

ಭಾವ ನಿಂತರು. ಹಿಂದಕ್ಕೆ ಬಂದು ಡಸ್ಟರನ್ನು ಮೇಜಿನ ಮೇಲಿಟ್ಟರು. ಒಂದು ಕ್ಷಣ ಯೋಚಿಸಿ ಬಣ್ಣದ ಸೀಮೆಸುಣ್ಣವನ್ನೂ ಇಟ್ಟರು. ದಿಂಬನ್ನು ಮಾತ್ರ ಕೊಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಭಾವ ಕೂಡ ನಗುತ್ತಲೇ ಹೋದರು. ನಿಜ ಹೇಳಬೇಕೆಂದರೆ, ಆ ದಿನ ಅವರು ನನಗೆ ಎಂದಿಗಿಂತ ಇಷ್ಟವಾದರು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಬಳಿ ಹೋದೆ. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಕೈ ಖಾಲಿಯಿದ್ದಾಗಲೆಲ್ಲ ನಮ್ಮೆಲ್ಲರ ಹಾಜರಿ ಪುಸ್ತಕಗಳಿಗೆ ಸ್ಕೇಲಿಟ್ಟು ಗೆರೆ ಎಳೆದುಕೊಡುತ್ತಿದ್ದರು. ಅವರಿಗೆ ಆ ಕೆಲಸ ಇಷ್ಟ ಅಂತ ನಾವೆಲ್ಲ ನಂಬಿಕೊಂಡಿದ್ದೆವು.

"ಸರ್, ಬುಧವಾರದ ಕೊನೆಯ ಪೀರಿಯಡ್ ಇನ್ನು ನಿಮ್ಮದು."

"ಎಷ್ಟು ವಾರಕ್ಕೆ ಮೇಡಂ?"

"ವಾರದ ಲೆಕ್ಕ ಅಲ್ಲ ಸರ್. ಅದು ನಿಮ್ಮದೇ."

ಅವರು ಸ್ಕೇಲನ್ನು ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದರು. "ಎಲ್ಲಿ ಸಹಿ ಹಾಕಬೇಕು?" ಅಂತ ಕೇಳಿದರು.

ಹನ್ನೊಂದು ವರ್ಷ ಭಾವನ ಮೇಲೆ ಸಿಟ್ಟಾಗಿದ್ದೆನಲ್ಲ, ಅದೆಲ್ಲವೂ ಆ ಕ್ಷಣ ನನ್ನ ಮೇಲೆಯೇ ತಿರುಗಿತು. "ಎಲ್ಲೂ ಬೇಡ ಸರ್. ಆರು ವರ್ಷ ನಿಮ್ಮನ್ನ ಕೇಳದೆ ತಗೊಂಡೆ. ತಪ್ಪಾಯ್ತು," ಅಂದೆ. ಅವರು ನನ್ನ ಹಾಜರಿ ಪುಸ್ತಕಕ್ಕೆ ಇನ್ನೆರಡು ಗೆರೆ ಎಳೆದುಕೊಟ್ಟರು.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಸಾವಿರದ ಒಂಬೈನೂರ ಅರವತ್ತರಲ್ಲಿ ಆಫ್ರಿಕಾದ ಹದಿನೇಳು ದೇಶಗಳು ಸ್ವತಂತ್ರವಾದವು. ಹದಿನೇಳು ಮಕ್ಕಳನ್ನು ಒಬ್ಬೊಬ್ಬರಾಗಿ ಎದ್ದು ನಿಲ್ಲಿಸಿದೆ. ಎದ್ದವರಿಗೆಲ್ಲ ಒಂದೊಂದು ದೇಶ. ಹದಿನೇಳನೆಯವನು ಎದ್ದಾಗ ಕೂತಿದ್ದವರಿಗೆ ತಡೆಯಲಾಗದೆ ಅವರೂ ಎದ್ದುಬಿಟ್ಟರು. ಕೊರಿಯಾವನ್ನು ಇಬ್ಬರು ಅಧಿಕಾರಿಗಳು ಒಂದು ಗಂಟೆಯೂ ಹಿಡಿಯದೆ ಭೂಪಟದ ಮೇಲೆ ಗೆರೆ ಹಾಕಿ ಎರಡು ಮಾಡಿದರು ಅಂದಾಗ, ನಗು ತಾನಾಗಿ ನಿಂತುಹೋಯಿತು. ಮೂರು ವರ್ಷದ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತು, ಗೆರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು ಅಂತ ಹೇಳಿ ಮುಗಿಸಿದೆ. ಅಷ್ಟು ವರ್ಷ ನಾನು ಕಾದಿದ್ದು ಇಂಥ ಪಾಠಕ್ಕೇ.

ಎಲ್ಲ ಸರಿಯಾಗಿ ಇಪ್ಪತ್ತಕ್ಕೆ ಮುಗಿಯಬೇಕಿತ್ತು. ಕೊನೆಯ ವಾರ ನೋಟಿಸು ಬಂತು: ಗುರುವಾರ ಆಟೋಟ ಸ್ಪರ್ಧೆ, ಪಾಠಗಳಿಲ್ಲ. ಬುಧವಾರ ಮಧ್ಯಾಹ್ನ ನನ್ನ ಪೀರಿಯಡ್ ಮುಗಿದಾಗ ಕೊನೆಯ ಪಾಠದ ಆರು ಪುಟ ಉಳಿದಿತ್ತು. ಎರಡು ಪೀರಿಯಡ್‌ನ ಕೆಲಸ. ಶುಕ್ರವಾರ ಹೆಡ್ ಮೇಡಂ ಬರುತ್ತಾರೆ.

ಕೊನೆಯ ಪೀರಿಯಡ್‌ನ ಬೆಲ್ಲಾಯಿತು. ಕಾಲುಗಳು ತಾವಾಗಿ ಹತ್ತನೇ ತರಗತಿಯ ಕಡೆಗೆ ನಡೆದವು, ಕಂಕುಳಲ್ಲಿ ಪುಸ್ತಕ. ಬಾಗಿಲಲ್ಲಿ ನಿಂತು ನೋಡಿದೆ. ಡ್ರಾಯಿಂಗ್ ಮೇಷ್ಟ್ರು ಬೋರ್ಡಿನ ತುಂಬ ಒಂದು ಕೈ ಬಿಡಿಸುತ್ತಿದ್ದರು. ಮಕ್ಕಳು ತಮ್ಮ ತಮ್ಮ ಎಡಗೈಯನ್ನು ಡೆಸ್ಕಿನ ಮೇಲಿಟ್ಟು ಅದನ್ನೇ ನೋಡಿ ಬಿಡಿಸುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಅಷ್ಟು ನಿಶ್ಶಬ್ದ ನನ್ನ ತರಗತಿಯಲ್ಲಿ ಎಂದೂ ಇದ್ದದ್ದಿಲ್ಲ.

ಮೇಷ್ಟ್ರು ನನ್ನನ್ನು ಕಂಡರು. ಏನೂ ಕೇಳದೆ ಡಸ್ಟರ್ ತೆಗೆದುಕೊಂಡು, ಬಿಡಿಸಿದ್ದ ಕೈಯ ಹೆಬ್ಬೆರಳನ್ನು ಒರೆಸಲು ಶುರು ಮಾಡಿದರು.

"ಒರೆಸಬೇಡಿ ಸರ್," ಅಂದೆ. "ಸುಮ್ಮನೆ ನೋಡೋಕೆ ಬಂದೆ."

ಅದು ಸುಳ್ಳು, ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಲಾಯರ್ ನನ್ನ ಕಂಕುಳಿನ ಪುಸ್ತಕವನ್ನೇ ನೋಡುತ್ತಿದ್ದಳು. ಸ್ಟಾಫ್ ರೂಮಿಗೆ ವಾಪಸ್ ಬಂದು ಕೂತಾಗ ಅಳು ಬಂತು. ಒಳ್ಳೆಯ ಕೆಲಸ ಮಾಡಿದೆ ಅನ್ನುವ ಸಮಾಧಾನ ಒಂದಿಷ್ಟೂ ಇರಲಿಲ್ಲ; ಮೂರು ಪೀರಿಯಡ್ ಹೋಯಿತು ಅನ್ನುವ ಸಂಕಟವಷ್ಟೇ ಇತ್ತು.

ಶುಕ್ರವಾರ, ಆರು ಪುಟವನ್ನು ನಲವತ್ತು ನಿಮಿಷದಲ್ಲಿ ಓಡಿಸಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ತರಗತಿಗೆ ಹೋದೆ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಇಡೀ ಆಫ್ರಿಕಾ ಇತ್ತು; ಗೀಚಮ್ಮನ ಬೆರಳುಗಳೂ ಅದೇ ಬಣ್ಣದಲ್ಲಿದ್ದವು. ಲಾಯರ್ ನನ್ನ ಜಾಗದಲ್ಲಿ ನಿಂತಿದ್ದಳು.

"ನಿನ್ನೆ ಆಟದ ಮೈದಾನದಲ್ಲಿ ಆರು ಪುಟಾನ ಆರು ಜನ ಹಂಚ್ಕೊಂಡಿದ್ದೀವಿ ಟೀಚರ್. ನೀವು ಕೂತ್ಕೊಳ್ಳಿ."

"ತಮಾಷೆಗೆ ಹೊತ್ತಿಲ್ಲ. ಹೆಡ್ ಮೇಡಂ ಬರ್ತಾರೆ. ಆ ಸೀಮೆಸುಣ್ಣ ಕೊಡಿಲ್ಲಿ."

"ಯಾಕೆ ಟೀಚರ್, ನಾವಿನ್ನೂ ತಯಾರಾಗಿಲ್ವಾ?"

ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಅವರು ನನ್ನಂತೆ ಪಾಠ ಮಾಡಲಿಲ್ಲ. ಇಬ್ಬರು ದೊಡ್ಡ ದೇಶಗಳಾಗಿ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಮಿಕ್ಕವರ ಕಿವಿಯಲ್ಲಿ ಚಾಡಿ ಹೇಳಿದರು. ಅಂಗೋಲಾ, ಮೊಜಾಂಬಿಕ್ ಬಿಡುಗಡೆಯಾದ ಮೇಲೂ ಯಾಕೆ ಯುದ್ಧ ನಿಲ್ಲಲಿಲ್ಲ ಅನ್ನುವುದನ್ನು ಒಬ್ಬ ಹುಡುಗ ನನಗಿಂತ ಸರಳವಾಗಿ ಹೇಳಿದ. ನಡುವೆ ನಾಲ್ಕು ಸಲ ಬಾಯಿ ಹಾಕಬೇಕೆನ್ನಿಸಿ ನಾಲ್ಕು ಸಲವೂ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಹೆಡ್ ಮೇಡಂ ಹಿಂದಿನ ಬಾಗಿಲಿನಿಂದ ಬಂದು ನನ್ನ ಪಕ್ಕ ನಿಂತರು.

"ಪುಸ್ತಕ ಮುಗೀತಾ?" ಅಂತ ಪಿಸುಗುಟ್ಟಿದರು.

"ಮುಗೀತಾ ಇದೆ ಮೇಡಂ."

"ನೀವು ಮುಗಿಸ್ತಿಲ್ಲವಲ್ಲ."

"ಇಲ್ಲ. ಬುಧವಾರದ ಪೀರಿಯಡ್ ತಗೊಂಡಿದ್ರೆ ನಾನೇ ಮುಗಿಸ್ತಿದ್ದೆ. ಅದು ನನ್ನದಲ್ಲ."

ಅವರು ಸ್ವಲ್ಪ ಸರಿಯುವಂತೆ ಕೈ ಮಾಡಿ ನನ್ನ ಪಕ್ಕದಲ್ಲೇ ಕೂತರು. ಕೊನೆಯ ಪುಟ ಲಾಯರ್‌ದು. ನಕ್ಷೆಯ ತುದಿಯ ಒಂದು ದೇಶವನ್ನು ತೋರಿಸಿ, "ನಮೀಬಿಯಾ, ಸಾವಿರದ ಒಂಬೈನೂರ ಎಂಬತ್ತು," ಅಂದಳು. ತಪ್ಪು. ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಒಂದು ಕ್ಷಣ, ಎರಡು ಕ್ಷಣ.

"ಎಂಬತ್ತು ಜಿಂಬಾಬ್ವೆ ಕಣೇ," ಅಂದಳು ಗೀಚಮ್ಮ ಕಿಟಕಿಯ ಪಕ್ಕದಿಂದ. "ನಮೀಬಿಯಾ ತೊಂಬತ್ತು."

ಲಾಯರ್ ಪುಸ್ತಕ ನೋಡಿದಳು. ಜೀವನದಲ್ಲಿ ಮೊದಲ ಸಲ ವಾದ ಮಾಡದೆ ಅಳಿಸಿ ಸರಿಯಾಗಿ ಬರೆದಳು. ಬೆಲ್ಲು ಹೊಡೆಯಿತು. ಪುಸ್ತಕ ಮುಗಿದಿತ್ತು.

ಹೆಡ್ ಮೇಡಂ ಎದ್ದು ಸೀರೆಯ ಸುಕ್ಕು ಸರಿಮಾಡಿಕೊಂಡರು. "ಐದು ಪೀರಿಯಡ್ ಇರಲಿ," ಅಂದರು. "ಆದ್ರೆ ಐದೂ ನೀವೇ ಮಾತಾಡಬೇಡಿ."

ನನಗೆ ಮೊದಲು ಕೋಪವೇ ಬಂತು. ಬಾಯಿ ತೆರೆದೆ, ಆದರೆ ಮುಂದಿನ ಬೆಂಚುಗಳಲ್ಲಿ ಆಗುತ್ತಿದ್ದ ಗಲಾಟೆಯಲ್ಲಿ ನನ್ನ ಮಾತು ಯಾರಿಗೂ ಕೇಳಿಸಲಿಲ್ಲ.